ಬೆನ್ನು ಹೆಣೆಯುವವಳು

ಆ ಮನೆಯಲ್ಲಿ ಸ್ವೆಟರಿನ ಮುಂಭಾಗ ಅತ್ತೆಯದು, ಬೆನ್ನು ಸೊಸೆಯದು. ಎರಡು ತೋಳೂ ಸೊಸೆಯ ಪಾಲಿಗೇ. ಕೂತು ಮಾತಾಡಿ ಮಾಡಿಕೊಂಡ ಹಂಚಿಕೆಯಲ್ಲ ಇದು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಒಂದು ಜೊತೆ ಕಡ್ಡಿ, ಒಂದು ಉಂಡೆ ಉಲ್ಲನ್ ತಂದು ಅವಳ ಮಡಿಲಿಗೆ ಹಾಕಿ, "ನೀನು ಬೆನ್ನು ಶುರು ಮಾಡು," ಅಂದಿದ್ದರು. ಅವತ್ತು ಶುರು ಮಾಡಿದ ಬೆನ್ನು ಇವತ್ತಿಗೂ ಮುಗಿದಿರಲಿಲ್ಲ. ಒಂದನ್ನು ಇಳಿಸಿದರೆ ಇನ್ನೊಂದು ಕಡ್ಡಿ ಏರಲು ಸಿದ್ಧ. ಬೆನ್ನು ಅಂದರೆ ಏನಿದೆ ಅದರಲ್ಲಿ? ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು, ಮತ್ತೆ ಸೀದಾ, ಮತ್ತೆ ಉಲ್ಟಾ. ಹೂವಿಲ್ಲ, ಬಳ್ಳಿಯಿಲ್ಲ. ಹಾಕಿಕೊಂಡವರು ಕನ್ನಡಿಯ ಮುಂದೆ ನಿಂತಾಗ ಕಾಣುವುದು ಮುಂಭಾಗ. ಬೆನ್ನನ್ನು ನೋಡುವವರು ಬಸ್ಸಿಗೆ ಕಾಯುವ ಸಾಲಿನಲ್ಲಿ ಹಿಂದೆ ನಿಂತವರು ಮಾತ್ರ. ಅವರಿಗೆ ಬಸ್ಸಿನ ಚಿಂತೆ.

ಅತ್ತೆಯ ಮುಂಭಾಗ ಚೆನ್ನಾಗಿಯೇ ಇರುತ್ತಿತ್ತು. ಇಲ್ಲವೆಂದರೆ ಬಾಯಲ್ಲಿ ಹುಳ ಬೀಳುತ್ತದೆ. ಜಡೆಯ ಹಾಗೆ ಒಂದರೊಳಗೊಂದು ಹೊಕ್ಕು ಹೊರಡುವ ಎಳೆಗಳು, ಎಲೆ, ಜೇನುಗೂಡು, ಏನು ಬೇಕಾದರೂ ಅವರ ಬೆರಳಿನಿಂದ ಇಳಿಯುತ್ತಿತ್ತು. ಚಳಿ ಬಂತೆಂದರೆ ಬೀದಿಯ ಅರ್ಧ ಜನ ಅವನ್ನು ಹಾಕಿಕೊಂಡೇ ಓಡಾಡುತ್ತಿದ್ದರು. "ಅಮ್ಮನ ಕೈಯದ್ದು" ಎಂದು ಎದೆ ತಟ್ಟಿ ತೋರಿಸುತ್ತಿದ್ದರು. ಎದೆ ತಟ್ಟಿಕೊಂಡರೇ ಹೊರತು ಬೆನ್ನಿನ ಕಡೆ ಯಾರೂ ಕೈ ತೋರಿಸಲಿಲ್ಲ.

ಹೆಣೆಯುವವರಿಗೆ ಮಾತ್ರ ಗೊತ್ತಿರುವ ವಿಷಯ ಒಂದಿದೆ. ಒಬ್ಬರ ಕೈ ಇದ್ದ ಹಾಗೆ ಇನ್ನೊಬ್ಬರ ಕೈ ಇರುವುದಿಲ್ಲ. ಅತ್ತೆಯ ಕೈ ಸಡಿಲ, ಸೊಸೆಯ ಕೈ ಬಿಗಿ. ಅದೇ ಉಲ್ಲನ್, ಅದೇ ಕಡ್ಡಿ, ಅಷ್ಟೇ ಕುಣಿಕೆ ಹಾಕಿ ಇಬ್ಬರೂ ಹೆಣೆದರೆ ಅತ್ತೆಯ ತುಂಡು ಅಂಗಳದಷ್ಟು, ಸೊಸೆಯದು ಹೊಸಿಲಿನಷ್ಟು. ಎರಡನ್ನೂ ಕೂಡಿಸಿದರೆ ಸ್ವೆಟರ್ ಸೊಟ್ಟ. ಹಾಗಾಗಿ ಮೊದಲಿನಿಂದಲೂ ಸೊಸೆ ಒಂದು ಸೈಜು ದಪ್ಪ ಕಡ್ಡಿ ಹಿಡಿದು, ಬೆರಳಿನ ಬಿಗಿ ಬಿಟ್ಟು, ಅತ್ತೆಯ ಸಡಿಲಕ್ಕೆ ತನ್ನನ್ನು ಒಗ್ಗಿಸಿಕೊಂಡು ಹೆಣೆಯುತ್ತಿದ್ದಳು. ಅತ್ತೆಯ ಮುಂಭಾಗ ಎಲ್ಲಾದರೂ ಅಗಲ ಬಂದುಬಿಟ್ಟರೆ ಬೆನ್ನಿನಲ್ಲಿ ಕುಣಿಕೆ ಹೆಚ್ಚು ಕಡಿಮೆ ಮಾಡಿ ಸರಿದೂಗಿಸುವವಳೂ ಅವಳೇ. ಇಷ್ಟೆಲ್ಲ ಮಾಡಿಸಿಕೊಂಡು ಅತ್ತೆ ಅವಳಿಗಿಟ್ಟ ಅಡ್ಡಹೆಸರು 'ಬಿಗಿಗೈ'. ಬಂದವರ ಮುಂದೆಲ್ಲ, "ನಮ್ಮ ಬಿಗಿಗೈ ಬೆನ್ನು ಹಾಕಿಕೊಡ್ತಾಳೆ, ಅಷ್ಟರ ಮಟ್ಟಿಗೆ ನನಗೆ ಸಹಾಯ," ಎಂದು ನಗುತ್ತಿದ್ದರು. ಆ ನಗು ಕೇಳಿದಾಗಲೆಲ್ಲ ಸೊಸೆಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತಿತ್ತು. ಉರಿ ನುಂಗಿಕೊಂಡು ಬಂದವರಿಗೆ ಟೀ ತಂದಿಡುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಗುಂಡಿಯಮ್ಮ ಮನೆಗೆ ಬಂದರು. ಒಂದು ಕಾಲದಲ್ಲಿ ಷರ್ಟಿನ ಗುಂಡಿ, ಜಿಪ್ಪು, ದಾರ ಮಾರುತ್ತಿದ್ದವರು. ಈಗ ಮುಖ್ಯರಸ್ತೆಯಲ್ಲಿ ಎರಡು ಅಂತಸ್ತಿನ ಉಲ್ಲನ್ ಅಂಗಡಿ ಇಟ್ಟಿದ್ದರೂ ಹೆಸರು ಮಾತ್ರ ಅದೇ ಅಂಟಿಕೊಂಡಿತ್ತು. ಕೈಯಲ್ಲಿ ರಟ್ಟಿನ ಪೆಟ್ಟಿಗೆ. ತೆರೆದರೆ ಒಳಗೆ ಆ ಮನೆಯವರು ಕಂಡು ಕೇಳದ ನೂಲುಗಳು. ಒಂದು ಬಿದಿರಿನದಂತೆ: ಹೊಳೆಯುವ ಹಸಿರು, ಮುಟ್ಟಿದರೆ ತಣ್ಣಗೆ, ನೋಡಿದರೆ ಹಗುರ, ಎತ್ತಿದರೆ ಭಾರ. ಇನ್ನೊಂದು ಯಾವುದೋ ಮೇಕೆಯ ಕೂದಲಿನದು, ಎಳೆಯ ಸುತ್ತ ಹೊಗೆ ಎದ್ದ ಹಾಗೆ ನವಿರು. ಮೂರನೆಯದು ಹತ್ತಿಗೆ ಅಗಸೆಯ ನಾರು ಸೇರಿಸಿದ್ದು, ಒರಟು.

"ಇನ್ನು ಮುಂದೆ ಇಂಥವೇ ಹೆಚ್ಚು ಬರೋದಂತೆ," ಅಂದರು ಗುಂಡಿಯಮ್ಮ. "ಜನ ತಗೊಂಡು ಹೋಗಿ ಹಳೇ ಉಲ್ಲನ್ ಲೆಕ್ಕದಲ್ಲೇ ಹೆಣೆದು, ಹಾಳು ಮಾಡ್ಕೊಂಡು, ಬಂದು ನನ್ನ ಮೇಲೆ ಹಾರಾಡ್ತಾರೆ. ಯಾವ ನೂಲಿಗೆ ಯಾವ ಕಡ್ಡಿ, ಎಷ್ಟು ಕುಣಿಕೆ, ಎಂಥ ಸ್ವೆಟರ್ ಅಂತ ಯೋಚನೆ ಮಾಡಿ ಹೆಣೆದು ತೋರಿಸೋರು, ಬಂದ ಹೆಂಗಸರಿಗೆ ಹೇಳಿಕೊಡೋರು ಒಬ್ಬರು ಬೇಕಾಗಿದ್ದಾರೆ. ಮಹಡಿ ಮೇಲಿನ ಕೋಣೆ ಖಾಲಿ ಮಾಡಿಸಿದ್ದೀನಿ, ಕಿಟಕಿ ಪಕ್ಕ ದೊಡ್ಡ ಮೇಜು ಹಾಕಿಸಿದ್ದೀನಿ. ಈ ಬಿದಿರಿನ ನೂಲಲ್ಲಿ ಒಂದು ಸ್ವೆಟರ್ ಹೆಣೆದು ಕೊಡಿ ಅಮ್ಮ, ನೋಡೋಣ. ಅಳತೆ ನನ್ನ ಅಂಗಡಿ ಬೊಂಬೆಯದು, ಚೀಟೀಲಿ ಬರೆದು ತಂದಿದ್ದೀನಿ."

ಮಾತೆಲ್ಲ ಅತ್ತೆಯ ಕಡೆ ತಿರುಗಿಯೇ ಆಯಿತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಸೊಸೆಗೆ ಕೇಳಿಸಿದ್ದು ಕಿಟಕಿ, ಮೇಜು, ಒಬ್ಬರು. ಆ ಕೆಲಸ ತನಗೆ ಬೇಕು ಅನ್ನಿಸಿತು. ಹಸಿವಾದ ಹಾಗೆ ಅನ್ನಿಸಿತು. ಇಷ್ಟು ವರ್ಷದಲ್ಲಿ ಅವಳು ಇಂಥದ್ದು ತನಗೆ ಬೇಕು ಎಂದು ಗಟ್ಟಿಯಾಗಿ ಯಾರಿಗೂ ಹೇಳಿರಲಿಲ್ಲ. ಅವತ್ತು ಗುಂಡಿಯಮ್ಮ ಹೋದ ಮೇಲೆ ಹೇಳಿದಳು.

"ಅತ್ತೆ, ಇದೊಂದನ್ನ ಪೂರ್ತಿ ನಾನೇ ಹೆಣೀತೀನಿ. ಮುಂದೆ, ಹಿಂದೆ, ತೋಳು, ಎಲ್ಲಾ."

ಅತ್ತೆ ಕನ್ನಡಕದ ಮೇಲಿನಿಂದ ನೋಡಿದರು. "ಮುಂಭಾಗಾನಾ? ನೀನಾ?"

"ಹೂಂ. ನನಗೆ ಆ ಕೆಲಸ ಬೇಕು."

"ಅಂಬೆಗಾಲಿಡೋ ಮಗು ಓಟದ ಪಂದ್ಯಕ್ಕೆ ಹೆಸರು ಕೊಟ್ಟ ಹಾಗಾಯ್ತು," ಎಂದು ಅತ್ತೆ ನಕ್ಕರು. "ಗುಂಡಿಯಮ್ಮ ಬಂದಿದ್ದು ನನ್ನನ್ನ ಹುಡುಕಿಕೊಂಡು ಕಣಮ್ಮ. ಇಷ್ಟು ವರ್ಷ ಉಳಿಸಿಕೊಂಡಿರೋ ಹೆಸರು. ಹುಡುಗಾಟ ಅಲ್ಲ. ನೀನು ಬೆನ್ನು ಶುರು ಮಾಡು."

ಗಂಡ ಫ್ಯಾನು, ಮಿಕ್ಸಿ ರಿಪೇರಿ ಮಾಡುವವನು. ಎಂಥ ಸುಟ್ಟ ಮೋಟಾರನ್ನಾದರೂ ಬಿಚ್ಚಿ ಕೂರುತ್ತಿದ್ದ; ಮನೆಯ ವಿಷಯಕ್ಕೆ ಬಂದರೆ ಮಾತ್ರ ಸ್ಕ್ರೂಡ್ರೈವರ್ ಕೈಗೇ ಸಿಗುತ್ತಿರಲಿಲ್ಲ. ಊಟಕ್ಕೆ ಬಡಿಸುತ್ತಾ ಸೊಸೆ ಅವನಿಗೆ ಎಲ್ಲ ಹೇಳಿ, "ಅಮ್ಮನಿಗೆ ಒಂದು ಮಾತು ಹೇಳಿ," ಅಂದಳು.

"ಅಮ್ಮ ಹೇಳೋದೂ ಸರಿ, ನೀನು ಹೇಳೋದೂ ಸರಿ," ಎಂದು ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ. "ಯಾರಿಗೆ ಸಿಕ್ಕಿದ್ರೂ ನಮ್ಮ ಮನೆಗೇ ತಾನೇ ಹೆಸರು?"

"ನಿಮ್ಮ ಅಂಗಡಿ ಬೋರ್ಡಿನ ಮೇಲೆ ಪಕ್ಕದ ಅಂಗಡಿಯವನ ಹೆಸರು ಬರೆಸಿ. ನಮ್ಮ ಬೀದಿಗೇ ತಾನೇ ಹೆಸರು?"

ಅವನು ತಟ್ಟೆ ನೋಡುತ್ತಾ ಊಟ ಮುಗಿಸಿದ.

ಸಿಟ್ಟು ಬಂದರೆ ಕೆಲವರು ಪಾತ್ರೆ ಎಸೆಯುತ್ತಾರೆ, ಕೆಲವರು ಮಕ್ಕಳನ್ನು ಬಡಿಯುತ್ತಾರೆ. ಇವಳು ಸಿಟ್ಟು ಬಂದರೆ ಲೆಕ್ಕ ಹಾಕುವವಳು. ಮರುದಿನ ಮನೆಗೆಲಸ ಮುಗಿಸಿ ಪೆಟ್ಟಿಗೆ ಎತ್ತಿಕೊಂಡು ತಾರಸಿಗೆ ಹೋದಳು. ಮೂರು ನೂಲಿನಲ್ಲೂ ಅಂಗೈಯಗಲದ ಒಂದೊಂದು ತುಂಡು ಹೆಣೆದಳು. ಕಡ್ಡಿಯ ಮೇಲಿರುವಾಗಲೇ ಅವುಗಳ ಗುಣ ತಿಳಿಯತೊಡಗಿತು. ಹಳೆಯ ಉಲ್ಲನ್ ಎಳೆದರೆ ಬರುತ್ತದೆ, ಬಿಟ್ಟರೆ ತನ್ನ ಜಾಗಕ್ಕೆ ಹೋಗುತ್ತದೆ, ಹೇಳಿದ ಮಾತು ಕೇಳುವ ಮಗು. ಈ ಬಿದಿರಿನದು ಕಡ್ಡಿಯಿಂದ ಜಾರುತ್ತಿತ್ತು, ಒಮ್ಮೆ ಎಳೆದರೆ ವಾಪಸ್ಸು ಬರುವ ಮಾತೇ ಇಲ್ಲ. ಮೇಕೆ ಕೂದಲಿನದರಲ್ಲಿ ಒಂದು ಕುಣಿಕೆ ತಪ್ಪಿದರೆ ಎಳೆಗಳು ಬಿಚ್ಚಲು ಬಿಡದೆ ಒಂದನ್ನೊಂದು ಕಚ್ಚಿಕೊಳ್ಳುತ್ತಿದ್ದವು. ನಾರಿನದು ಬೆರಳು ತರಚುತ್ತಿತ್ತು. ಮೂರು ತುಂಡನ್ನೂ ಸೋಪಿನ ನೀರಿನಲ್ಲಿ ಅದ್ದಿ, ಹಿಂಡದೆ ಟವೆಲಿನಲ್ಲಿ ಒತ್ತಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ಪು ಸಿಕ್ಕಿಸಿದಳು. ಇಡೀ ಸ್ವೆಟರ್ ಆದರೆ ಅದರ ಭಾರಕ್ಕೆ ಅದೇ ಜಗ್ಗುತ್ತದಲ್ಲ, ಅದಕ್ಕೆಂದು ಒಂದೊಂದರ ಕೆಳಗೂ ಒಂದೊಂದು ಚಮಚ ಕಟ್ಟಿದಳು.

ಒಣಗಿದ ಮೇಲೆ ನೋಡಿದರೆ ನಾರಿನ ತುಂಡು ಒಂದಿಷ್ಟು ಕುಗ್ಗಿತ್ತು. ಮೇಕೆಯದು ಇದ್ದ ಹಾಗೇ ಇತ್ತು. ಬಿದಿರಿನದು ಅಂಗೈ ದಾಟಿ ಬೆರಳಿನ ಗೆಣ್ಣಿಗೆ ಬಂದಿತ್ತು. ಇಷ್ಟು ಸಣ್ಣ ತುಂಡೇ ಇಷ್ಟು ಬೆಳೆದರೆ ಸೊಂಟಕ್ಕೆಂದು ಹೆಣೆದ ಸ್ವೆಟರ್ ತೊಡೆಗೆ ಬರುತ್ತದೆ. ಅಂದರೆ ಸಣ್ಣ ಕಡ್ಡಿ ಹಿಡಿಯಬೇಕು, ಬಿಗಿಯಾಗಿ ಹೆಣೆಯಬೇಕು, ಸಾಲು ಕಡಿಮೆ ಹಾಕಬೇಕು. ಬಿಗಿಗೈ! ಈ ನೂಲಿಗೆ ಬೇಕಾದದ್ದೇ ಅದು. ಅವಳು ಸೀಮೆಸುಣ್ಣ ತಂದು ತಾರಸಿಯ ನೆಲದ ಮೇಲೆ ಬೊಂಬೆಯ ಅಳತೆಗೆ ಇಡೀ ಸ್ವೆಟರನ್ನು ಬರೆದಳು. ತೊಳೆದ ಮೇಲಿನ ಉದ್ದಕ್ಕೆ ಹೊರಗಿನ ಗೆರೆ, ಕಡ್ಡಿಯಿಂದ ಇಳಿಸಬೇಕಾದ ಉದ್ದಕ್ಕೆ ಒಳಗಿನ ಗೆರೆ.

ಒಗೆದ ಬಟ್ಟೆ ಹರವಲು ಅತ್ತೆ ಮೇಲೆ ಬಂದರು.

"ನೋಡಿ ಅತ್ತೆ, ಈ ನೂಲು ತೊಳೆದ ಮೇಲೆ ಬೆಳೆಯುತ್ತೆ. ಮುಂಭಾಗಾನ ಬೇಕಾದ ಉದ್ದಕ್ಕಿಂತ ಒಂದು ಮುಷ್ಟಿ ಕಮ್ಮಿ ಹೆಣೀಬೇಕು."

"ಬೆಳೆಯೋಕೆ ಅದೇನು ಅವರೆ ಬಳ್ಳೀನಾ?"

"ತಮಾಷೆ ಅಲ್ಲ. ಈ ತುಂಡು ಅಳೆದು ನೋಡಿ."

"ನನ್ನ ಬೆರಳೇ ನನಗೆ ಟೇಪು. ನೀನು ಹುಟ್ಟೋಕೆ ಮುಂಚಿನಿಂದ ಹೆಣೀತಿದ್ದೀನಿ."

"ಈ ನೂಲಲ್ಲಿ ಹೆಣೆದಿಲ್ಲವಲ್ಲ."

"ನೂಲು ಯಾವುದಾದರೇನೇ, ಕಡ್ಡಿ ಹಿಡಿಯೋ ಕೈ ಒಂದೇ. ತುಂಡು ತುಂಡು ಮಾಡಿ, ನೀರಲ್ಲಿ ನೆನೆಸಿ, ಇರೋ ನೂಲನ್ನ ಹಾಳು ಮಾಡಬೇಡ."

ಅಷ್ಟು ಹೇಳಿ ಒದ್ದೆ ಕಾಲಿನಲ್ಲಿ ಸೀಮೆಸುಣ್ಣದ ಭುಜ, ಕುತ್ತಿಗೆ ಎಲ್ಲ ತುಳಿದುಕೊಂಡು ಹೋದರು. ಬೇಕೆಂದೇ ತುಳಿದರೋ, ಕಾಣದೆ ತುಳಿದರೋ, ಎರಡೂ ಒಂದೇ. 'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ' ಅನ್ನುತ್ತಾರೆ. ಸೊಸೆಯ ಕಾಲ ಯಾವಾಗ ಬರುತ್ತದೆಂದು ಆ ಗಾದೆ ಕಟ್ಟಿದವರು ಹೇಳಿ ಹೋಗಲಿಲ್ಲ. ಕೂತು ಕಾಯುವವಳಿಗೆ ಬರುತ್ತದೆಂದೂ ಅದರಲ್ಲಿಲ್ಲ.

ಅಳಿಸಿದ ಭುಜವನ್ನು ಮತ್ತೆ ಬರೆಯುತ್ತಾ ಸೊಸೆ ಒಂದು ತೀರ್ಮಾನಕ್ಕೆ ಬಂದಳು. ಇಷ್ಟು ವರ್ಷ ಅತ್ತೆ ಹೇಗೆ ಹೆಣೆದರೂ ಅದಕ್ಕೆ ತನ್ನ ಬೆನ್ನನ್ನು ಹೊಂದಿಸುತ್ತಾ ಬಂದಿದ್ದಾಯಿತು. ಈ ಸಲ ಹೊಂದಿಸುವುದಿಲ್ಲ. ನೂಲು ಏನು ಕೇಳುತ್ತದೋ ಹಾಗೆ ಹೆಣೆಯುತ್ತೇನೆ, ಅತ್ತೆ ಕೇಳಿದ ಹಾಗಲ್ಲ.

ಮುಂದಿನ ಮಧ್ಯಾಹ್ನಗಳಲ್ಲಿ ಇಬ್ಬರೂ ನಡುಮನೆಯಲ್ಲಿ ಎದುರುಬದುರು ಕೂತು ಹೆಣೆದರು. ಅತ್ತೆ ಎಂದಿನಂತೆ ದಪ್ಪ ಕಡ್ಡಿಯಲ್ಲಿ, ಎದೆಯ ಮೇಲೆ ಎಲೆಗಳ ಸಾಲು ಇಳಿಸುತ್ತಾ, ನಡುನಡುವೆ ಗೇಣು ಹಾಕಿ ಅಳೆಯುತ್ತಾ ಹೋದರು. ಎಲೆಗಳು ಎಷ್ಟು ಚೆಂದ ಬಂದವೆಂದರೆ ಸೊಸೆಗೆ ಅದಕ್ಕೂ ಸಿಟ್ಟು ಬಂತು. ಇಂಥ ಕೈ ಇದ್ದವರಿಗೆ ಒಂದು ಚೂರು ಕಿವಿಯೂ ಇದ್ದಿದ್ದರೆ! ಅವಳು ಹಲ್ಲು ಕಚ್ಚಿಕೊಂಡು ಸಣ್ಣ ಕಡ್ಡಿಯಲ್ಲಿ, ತನ್ನ ಸ್ವಂತ ಬಿಗಿಯಲ್ಲಿ, ಮೊಟ್ಟಮೊದಲ ಸಲ ತನ್ನ ಕೈ ಹೇಗಿದೆಯೋ ಹಾಗೆಯೇ ಹೆಣೆದಳು. ಸಾಲುಗಳು ನೇಯ್ದ ಬಟ್ಟೆಯ ಹಾಗೆ ಕೂತವು. ಬೆನ್ನು, ತೋಳು ಮುಗಿದಾಗ ಒಳಗಿನ ಗೆರೆಗೆ ಸರಿಯಾಗಿದ್ದವು. ತೊಳೆದು, ಹಗ್ಗಕ್ಕೆ ಹಾಕಿ, ಅವುಗಳ ಪಾಡಿಗೆ ಅವು ಜಗ್ಗುವಷ್ಟು ಜಗ್ಗಲಿ ಎಂದು ಬಿಟ್ಟಳು. ಒಣಗಿದ ಮೇಲೆ ಹೊರಗಿನ ಗೆರೆಗೆ ಬಂದು ನಿಂತವು.

ಅತ್ತೆಯ ಮುಂಭಾಗವೂ ಬೊಂಬೆಯ ಅಳತೆಗೆ ಸರಿಯಾಗಿತ್ತು. ಆದರೆ ಅದು ನೀರು ಕಾಣದ ಅಳತೆ. ಎರಡನ್ನೂ ಒಂದರ ಮೇಲೊಂದು ಇಟ್ಟು ಅತ್ತೆ, "ನೋಡು, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ," ಎಂದು ಬೀಗಿದರು.

"ಅತ್ತೆ, ನನ್ನದನ್ನ ತೊಳೆದು ಒಣಗಿಸಿದ್ದೀನಿ. ನಿಮ್ಮದನ್ನೂ ತೊಳೆದು ಆಮೇಲೆ ಕೂಡಿಸಿ. ಇಲ್ಲದಿದ್ರೆ ಮುಂಭಾಗ ಜೋತುಬೀಳುತ್ತೆ." ಗಂಡ ಅಲ್ಲೇ ಷೂ ಹಾಕಿಕೊಳ್ಳುತ್ತಿದ್ದ. ಅವನಿಗೂ ಕೇಳಲಿ ಎಂದು ಬಿಡಿಸಿ ಬಿಡಿಸಿ ಹೇಳಿದಳು.

"ಹೊಸ ಸ್ವೆಟರನ್ನ ಯಾರಾದ್ರೂ ಒಗೆದು ಕೊಡ್ತಾರೇನೇ? ಹೊಳಪು ಹೋಗಲ್ವಾ?" ಅಂದ ಅತ್ತೆ ದೊಡ್ಡ ಸೂಜಿಗೆ ಅದೇ ನೂಲು ಪೋಣಿಸಿ ಪಕ್ಕಗಳನ್ನು ಕೂಡಿಸಿಯೇಬಿಟ್ಟರು. ಗಂಡನಿಗೆ ಷೂ ಲೇಸು ಕಟ್ಟುವುದೇ ಅವತ್ತಿನ ದೊಡ್ಡ ಕೆಲಸವಾಯಿತು.

ಅವಳು ಮೋಸ ಮಾಡಿದಳೇ? ಯಾರಾದರೂ ಹಾಗಂದರೆ ಅವರ ಬಾಯಿ ಬಡಿಯಬೇಕು. ತಾರಸಿಯಲ್ಲಿ ಹೇಳಿದ್ದಳು, ನಡುಮನೆಯಲ್ಲಿ ಹೇಳಿದ್ದಳು, ತುಂಡು ಹಿಡಿದು ತೋರಿಸಿದ್ದಳು. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು.

ಸ್ವೆಟರ್ ಅಂಗಡಿಗೆ ಹೋಯಿತು. ಕೆಲವು ದಿನ ಬಿಟ್ಟು ಗುಂಡಿಯಮ್ಮ ಇಬ್ಬರಿಗೂ ಬರಲು ಹೇಳಿ ಕಳಿಸಿದರು. ಅತ್ತೆ ಒಳ್ಳೆಯ ಸೀರೆ ಉಟ್ಟು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಆ ಕೋಣೆಗೆ ಎಂಥ ಪರದೆ ಹಾಕಿಸಬೇಕು ಎಂದು ಮಾತಾಡುತ್ತಾ ಬಂದರು. ಸೊಸೆ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದಳು.

ಮಹಡಿಯ ಕೋಣೆ ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಗೋಡೆಗೆ ಹೊಡೆದ ಹಲಗೆಗಳ ಮೇಲೆ ನೂಲಿನ ಉಂಡೆಗಳು, ಕಿಟಕಿಯಿಂದ ಮೇಜಿನ ಮೇಲೆ ಬಿದ್ದ ಬೆಳಕು, ಕೆಳಗೆ ರಸ್ತೆಯ ಗದ್ದಲ. ನಡುವೆ ತಲೆಯಿಲ್ಲದ ಬೊಂಬೆ, ಅದರ ಮೈಮೇಲೆ ಹಸಿರು ಸ್ವೆಟರ್.

"ಯಾವುದೇ ಇರಲಿ, ನಾನು ಒಂದು ಸಲ ತೊಳೆದು, ಬೊಂಬೆಗೆ ಹಾಕಿ ಬಿಟ್ಟು ನೋಡೋದು," ಅಂದರು ಗುಂಡಿಯಮ್ಮ. "ಏನಾಗಿದೆ ನೀವೇ ನೋಡಿ."

ಸ್ವೆಟರಿಗೆ ಹೊಟ್ಟೆ ಬಂದಿತ್ತು. ಬೆನ್ನು ಸೊಂಟದ ಹತ್ತಿರ ಗೆರೆ ಎಳೆದ ಹಾಗೆ ನಿಂತಿದ್ದರೆ ಮುಂಭಾಗ ತೊಡೆಯವರೆಗೆ ಜೋತುಬಿದ್ದು, ದಿನ ತುಂಬಿದ ಬಸುರಿಯ ಹಾಗೆ ಉಬ್ಬಿತ್ತು. ಪಕ್ಕದ ಹೊಲಿಗೆ ಬೆನ್ನಿನ ಉದ್ದಕ್ಕೆ ಹಿಡಿದು ನಿಲ್ಲಿಸಿದ್ದರಿಂದ ಹೆಚ್ಚಾದ ಹೆಣಿಗೆಯೆಲ್ಲ ಅಲ್ಲಿ ನೆರಿಗೆ ನೆರಿಗೆಯಾಗಿ ಮುದುಡಿತ್ತು. ಅತ್ತೆಯ ಚೆಂದದ ಎಲೆಗಳು ಉದ್ದುದ್ದ ಎಳೆದುಕೊಂಡು ಬಾಡಿದ ಸೊಪ್ಪಿನ ಹಾಗೆ ಕಾಣುತ್ತಿದ್ದವು.

ಅತ್ತೆಯ ಮುಖದ ಬಣ್ಣ ಇಳಿಯಿತು. ಈಗ ಹೇಳುತ್ತಾರೆ ಎಂದುಕೊಂಡಳು ಸೊಸೆ. ಈಗಲಾದರೂ ಹೇಳುತ್ತಾರೆ.

"ಬೆನ್ನು ಕುಗ್ಗಿಬಿಟ್ಟಿದೆ," ಅಂದರು ಅತ್ತೆ. "ಬೆನ್ನು ಇವಳು ಹಾಕಿದ್ದು. ಕೈ ಬಿಗಿ ಕಣೇ ಅಂತ ಬಡ್ಕೊಳ್ತಾನೇ ಇದ್ದೀನಿ. ಅದೂ ಸಾಲದು ಅಂತ ನೀರಲ್ಲಿ ಬೇರೆ ನೆನೆಸಿದ್ದಾಳೆ. ಬೆನ್ನು ಗಿಡ್ಡ ಆಗಿ ನನ್ನ ಮುಂಭಾಗಾನೂ ಕೆಡಿಸಿತು ನೋಡಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಆ ನೆಲವೂ ಸೊಸೆಯೇ ಹಾಸಿಕೊಟ್ಟದ್ದು.

ಗುಂಡಿಯಮ್ಮ ಸೊಸೆಯ ಕಡೆ ನೋಡಿ ತಲೆ ಅಲ್ಲಾಡಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದೇ ಹೆಚ್ಚು ಉರಿಸಿತು. "ಹೋಗಲಿ ಬಿಡಿ, ಹೊಸ ನೂಲು, ಕಲೀತಾಳೆ. ಅಮ್ಮ, ನಿಮ್ಮ ಎಲೆಗಳ ಮುಂದೆ ಇನ್ನೊಂದಿಲ್ಲ. ಈ ಕೋಣೆ ನೀವೇ ನೋಡ್ಕೊಳ್ಳಿ. ಇವಳೂ ಜೊತೆಗೆ ಬರಲಿ, ಉಂಡೆ ಸುತ್ತಿಕೊಂಡು, ಬೆನ್ನು ಗಿನ್ನು ಹಾಕ್ಕೊಂಡು ಇರಲಿ."

ಬೆನ್ನು ಗಿನ್ನು! ಸೊಸೆಗೆ ಒಂದು ಕ್ಷಣ ಬೊಂಬೆಯನ್ನು ಎತ್ತಿ ಕಿಟಕಿಯಿಂದಾಚೆ ಬಿಸಾಡಬೇಕು ಅನ್ನಿಸಿತು. ಅತ್ತೆಗೆ ಕೆಲಸ ಸಿಕ್ಕಿದ್ದಲ್ಲ ಅವಳನ್ನು ಸುಟ್ಟದ್ದು. ತಾನು ಸರಿಯಾಗಿ ಮಾಡಿದ್ದನ್ನೇ ತೋರಿಸಿ, ಇದೇ ತಪ್ಪು, ಅಂದರಲ್ಲ!

"ಕತ್ತರಿ ಕೊಡಿ," ಅಂದಳು.

"ಯಾಕಮ್ಮ?"

ಅವಳು ಕೊಡುವವರೆಗೆ ಕಾಯಲಿಲ್ಲ. ಮೇಜಿನ ಮೇಲಿದ್ದ ಪುಟ್ಟ ಕತ್ತರಿ ತೆಗೆದುಕೊಂಡು, ಬೊಂಬೆಯಿಂದ ಸ್ವೆಟರ್ ಕಳಚಿ, ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹರಡಿದಳು. ಪಕ್ಕದ ಹೊಲಿಗೆಯ ತುದಿ ಹುಡುಕಿ ಒಂದು ಕಡೆ ಕತ್ತರಿಸಿ ಎಳೆದಳು. ಜಾರುವ ನೂಲು, ಬೆಣ್ಣೆಯಲ್ಲಿನ ಕೂದಲು ತೆಗೆದ ಹಾಗೆ ಬಂತು.

"ಏಯ್, ಏನೇ ಮಾಡ್ತಿದ್ದೀಯಾ? ಹುಚ್ಚು ಹಿಡೀತಾ?" ಅತ್ತೆ ಕೈ ಹಿಡಿಯಲು ಬಂದರು.

"ಮುಟ್ಟಬೇಡಿ," ಅಂದಳು ಸೊಸೆ. ಆ ದನಿಯನ್ನು ಅತ್ತೆ ಯಾವತ್ತೂ ಕೇಳಿರಲಿಲ್ಲ. ಕೈ ಹಿಂದಕ್ಕೆ ಹೋಯಿತು. "ನಿಮ್ಮದನ್ನ ನಾನು ಮುಟ್ಟಲ್ಲ. ಒಂದು ಕುಣಿಕೇನೂ ಬಿಚ್ಚಲ್ಲ. ನನ್ನದನ್ನ ನಾನು ತಗೊಳ್ತಿದ್ದೀನಿ."

ಒಂದು ಪಕ್ಕ, ಇನ್ನೊಂದು ಪಕ್ಕ, ಭುಜಗಳು, ಎರಡು ತೋಳು. ಬೆನ್ನು ಬೇರೆಯಾಗಿ ಬಂದಾಗ ಅದನ್ನು ಒಯ್ದು ಬೊಂಬೆಯ ಹಿಂದಿನಿಂದ ಎರಡೂ ಭುಜಕ್ಕೆ ಹಿಡಿದಳು. "ನೋಡಿ. ನೀವು ಕೊಟ್ಟ ಅಳತೆ. ಕುಗ್ಗಿದೆಯಾ?" ಆಮೇಲೆ ಮುಂಭಾಗವನ್ನು ಎತ್ತಿ ಗುಂಡಿಯಮ್ಮನ ಕೈಗೆ ಕೊಟ್ಟಳು. "ಈಗ ಇದನ್ನ ನೀವು ಹಿಡೀರಿ. ಈಗಂತೂ ಇದನ್ನ ಹಾಳು ಮಾಡೋಕೆ ಪಕ್ಕದಲ್ಲಿ ಯಾವ ಬೆನ್ನೂ ಇಲ್ಲ."

ಗುಂಡಿಯಮ್ಮ ಹಿಡಿದರು. ಸೊಂಟ ದಾಟಿ ಕೆಳಗೆ ಬಂತು. ಅವರು ಎರಡನ್ನೂ ಒಂದರ ಪಕ್ಕ ಒಂದು ಮೇಜಿನ ಮೇಲೆ ಇಟ್ಟು ಟೇಪು ಹಿಡಿದು ಅಳೆದರು. ವ್ಯಾಪಾರದ ಹೆಂಗಸು, ಕಣ್ಣಿಗೆ ಕಂಡ ಮೇಲೆ ವಾದ ಬೇಕಿರಲಿಲ್ಲ.

"ಈ ನೂಲನ್ನ ತೊಳೆದು, ಭಾರ ಕಟ್ಟಿ ನೇತು ಹಾಕಿ, ಎಷ್ಟು ಬೆಳೆಯುತ್ತೆ ಅಂತ ನೋಡಿ ಆಮೇಲೆ ಹೆಣೆದಿದ್ದು ನಾನು," ಅಂದಳು ಸೊಸೆ. "ಇವರಿಗೆ ಹೇಳಿದ್ದೆ. ಕಿವಿಗೆ ಹಾಕ್ಕೊಳ್ಳಲಿಲ್ಲ. ಇನ್ನೆರಡು ನೂಲನ್ನೂ ನೋಡಿದ್ದೀನಿ. ನಾರಿನದು ಕುಗ್ಗುತ್ತೆ, ಉದ್ದ ಹೆಣೀಬೇಕು. ಮೇಕೆಯದನ್ನ ಬಿಚ್ಚೋಕಾಗಲ್ಲ, ಅದರಲ್ಲಿ ಎಲೆ ಬಳ್ಳಿ ಹೆಣೆದ್ರೂ ನವಿರಲ್ಲಿ ಮುಚ್ಚಿಹೋಗುತ್ತೆ. ನಿಮಗೆ ಬೇಕಾದ್ರೆ ಬಂದು ಹೇಳಿಕೊಡ್ತೀನಿ. ಉಂಡೆ ಸುತ್ತೋಕೆ, ಬೆನ್ನು ಗಿನ್ನು ಹಾಕೋಕೆ ಬರಲ್ಲ."

"ನೀನೇ ಬಾ ಹಾಗಾದ್ರೆ," ಅಂದರು ಗುಂಡಿಯಮ್ಮ. ದನಿಯಲ್ಲಿ ಸ್ವಲ್ಪ ನಾಚಿಕೆಯಿತ್ತು.

ಆಗ ಅತ್ತೆಯ ಕಟ್ಟೆ ಒಡೆಯಿತು.

"ಬೀದಿಗೆ ಬಂದು ನನ್ನ ಮಾನ ತೆಗೆದುಬಿಟ್ಟೆಯಲ್ಲೇ! ನಾನೇನು ಹುಟ್ಟುತ್ತಲೇ ಮುಂಭಾಗ ಹೆಣೆದವಳಾ? ನಮ್ಮತ್ತೆ ಕಣ್ಣು ಮುಚ್ಚೋವರೆಗೆ ನಾನೂ ಬೆನ್ನು ಹೆಣೆದವಳೇ! ಒಂದು ದಿನ ತುಟಿ ಪಿಟಕ್ ಅಂದಿದ್ದೀನಾ? ನಾಲ್ಕು ಜನರ ಮುಂದೆ ಹೀಗೆ ಹೊಲಿಗೆ ಬಿಚ್ಚಿದ್ದೀನಾ?"

"ಯಾಕೆ ಬಿಚ್ಚಲಿಲ್ಲ?" ಅಂದಳು ಸೊಸೆ. ಕಿರುಚಿಯೇ ಕೇಳಿದಳು. "ಯಾಕೆ ಬಿಚ್ಚಲಿಲ್ಲ ಅತ್ತೆ? ಅವತ್ತು ನೀವು ಬಿಚ್ಚಿದ್ದಿದ್ರೆ ಇವತ್ತು ನಾನು ಬಿಚ್ಚಬೇಕಾಗಿರಲಿಲ್ಲ!"

ಅತ್ತೆ ಹಿಂದಿದ್ದ ಸ್ಟೂಲಿನ ಮೇಲೆ ಕುಳಿತು, ಮೇಜಿನ ಮೇಲಿದ್ದ ತಮ್ಮ ಮುಂಭಾಗವನ್ನು ಎಳೆದು ಮಡಿಲಿಗೆ ಹಾಕಿಕೊಂಡರು. ಜಗ್ಗಿದ ಒಂದು ಎಲೆಯನ್ನು ಬೆರಳಿನಿಂದ ಸರಿಪಡಿಸಲು ನೋಡಿದರು. ಅದು ಸರಿಯಾಗಲಿಲ್ಲ.

"ಅವರ ಮುಂಭಾಗ ಯಾವಾಗಲೂ ಒಂದು ಪಕ್ಕಕ್ಕೆ ವಾಲ್ತಿತ್ತು," ಅಂದರು ಸಣ್ಣ ದನಿಯಲ್ಲಿ, ಆದರೆ ಹಲ್ಲು ಕಚ್ಚಿ. "ನಾನು ಬೆನ್ನನ್ನ ಇನ್ನೊಂದು ಪಕ್ಕಕ್ಕೆ ವಾಲಿಸಿ ಹೆಣೀತಿದ್ದೆ. ಯಾರಿಗೂ ಗೊತ್ತಾಗ್ತಿರಲಿಲ್ಲ. ಎಲ್ಲರೂ ಅವರನ್ನೇ ಹೊಗಳೋರು. ನನಗೆ ಎಷ್ಟು ಸಿಟ್ಟು ಬರ್ತಿತ್ತು ಅಂದರೆ, ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಳ್ತಿದ್ದೆ."

ಸೊಸೆಗೆ ಅಯ್ಯೋ ಅನ್ನಿಸಬೇಕಿತ್ತು. ಗುಂಡಿಯಮ್ಮನಿಗೆ ಅನ್ನಿಸಿತು, ಲೋಟದಲ್ಲಿ ನೀರು ತಂದು ಅತ್ತೆಯ ಮುಂದೆ ಇಟ್ಟರು. ಸೊಸೆಗೆ ಬೇರೆ ಒಂದು ಯೋಚನೆ ಬಂದಿತ್ತು.

"ಅತ್ತೆ, ನಾನು ದಪ್ಪ ಕಡ್ಡಿ ಹಿಡಿದು ನಿಮ್ಮ ಕೈಗೆ ಹೊಂದಿಸಿಕೊಂಡು ಹೆಣೀತಿದ್ದದ್ದು ನಿಮಗೆ ಗೊತ್ತಿತ್ತಾ?"

ಅತ್ತೆಯ ಬೆರಳು ಇನ್ನೊಂದು ಎಲೆಗೆ ಹೋಯಿತು.

"ಗೊತ್ತಿತ್ತಾ?"

"ಗೊತ್ತಿತ್ತು," ಅಂದರು ಅತ್ತೆ. "ಮೊದಲನೇ ಬೆನ್ನಿನಿಂದ ಗೊತ್ತಿತ್ತು."

ಆ ಉರಿ ಎಂಥದ್ದೆಂದು ಇಷ್ಟು ಚೆನ್ನಾಗಿ ಗೊತ್ತಿದ್ದವರೇ ಅವಳ ಮಡಿಲಿಗೆ ಆ ಕಡ್ಡಿ ಹಾಕಿದ್ದರು. ಗೊತ್ತಿಲ್ಲದೆ ಮಾಡಿದ್ದರೆ ಯಾವತ್ತಾದರೂ ಒಂದು ದಿನ ಮರೆಯಬಹುದಿತ್ತು. ಸೊಸೆಯ ಸಿಟ್ಟು ಇಳಿಯಲಿಲ್ಲ. ಏರಿತು.

ಅವಳು ತನ್ನ ಬೆನ್ನು, ಎರಡು ತೋಳುಗಳನ್ನು ನೀಟಾಗಿ ಮಡಿಸಿ ಮೇಜಿನ ಮೇಲೆ ಕಿಟಕಿಯ ಪಕ್ಕಕ್ಕೆ ಇಟ್ಟಳು. "ಇದು ಇಲ್ಲೇ ಇರಲಿ. ನಾಳೆ ಬಂದು ಇದಕ್ಕೆ ಮುಂಭಾಗ ಹಾಕ್ತೀನಿ," ಎಂದು ಗುಂಡಿಯಮ್ಮನಿಗೆ ಹೇಳಿದಳು. ಅತ್ತೆ ಸ್ಟೂಲಿನಿಂದ ಏಳಲು ಕೈ ಆಸರೆಗೆ ಚಾಚಿದರು. ಸೊಸೆ ಅದನ್ನು ನೋಡಿಯೂ ನೋಡದವಳಂತೆ ಮೆಟ್ಟಿಲಿಳಿದು ಬಸ್ ನಿಲ್ದಾಣಕ್ಕೆ ನಡೆದಳು.